ಮುಂದಿನದು ಗೊತ್ತಿದ್ದ ಕಥೆ



‘ನನ್ನನ್ನು ಕಾಡಿದ ಚಲನಚಿತ್ರ’ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸದೆ ಒಪ್ಪಿಕೊಂಡೆ. ಯೋಚನೆ ಆರಂಭವಾದದ್ದು ಅನಂತರ. ಶಿವಮೊಗ್ಗ ಜಿಲ್ಲೆಯಲ್ಲಿ ಬಾಳಿದವರಿಗೆ ಈ ವಿಷಯದಲ್ಲಿ ಬಡತನವೇನೂ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ‘ಸಂಸ್ಕಾರ’ ೧೯೭೦ರಲ್ಲಿ ತೆರೆಗೆ ಬಂದು, ದೇಶದ ಅತ್ಯುತ್ತಮ ಚಿತ್ರವೆಂಬ ಗೌರವವನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದುಕೊಟ್ಟಿತು. ಅದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರು ಅದೇ ಅನಂತಮೂರ್ತಿಯವರ ಕಥೆಯನ್ನಿಟ್ಟುಕೊಂಡು ೧೯೭೭ರಲ್ಲಿ ‘ಘಟಶ್ರಾದ್ಧ’ವನ್ನು ಮಾಡಿದರು. ಕನ್ನಡ ಅಧ್ಯಾಪಕಿಯಾಗಿ ಮೂರು ದಶಕಗಳನ್ನು ಕಳೆದ ನಾನು ಇಂಥ ಚಿತ್ರಗಳ ಬಗೆಗೆ ಮಾತನಾಡುವುದೇ ಯೋಗ್ಯವೆಂದು ನಿಮ್ಮಲ್ಲಿ ಹಲವರಿಗೆ ತೋರಬಹುದು.

ಆದರೆ ‘ಮೆಚ್ಚಿದ’ ಎಂಬುದು ಬೇರೆ, ‘ಕಾಡಿದ’ ಎಂಬುದು ಬೇರೆ. ನಾನು ಮೆಚ್ಚಿದ ಚಿತ್ರಗಳು ಹಲವಿವೆ. ಮೂವತ್ತೈದು ವರ್ಷಗಳಿಗೂ ಮಿಕ್ಕು ನನ್ನನ್ನು ಬಿಡದೆ ಕಾಡಿದ ಚಿತ್ರ ಯಾವುದೆಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ಸ್ವಲ್ಪ ಸಂಕೋಚದಿಂದಲೇ ಉತ್ತರಿಸಬೇಕಾಗಿದೆ: ಅದು ‘ನಂಜುಂಡಿ ಕಲ್ಯಾಣ’.

ನಿಮ್ಮಲ್ಲಿ ಕೆಲವರು ಈಗ ನಕ್ಕಿರಬಹುದು. ನಗಲೆಂದೇ ಮಾಡಿದ ಚಿತ್ರವಾದ್ದರಿಂದ ಅದರಲ್ಲಿ ತಪ್ಪಿಲ್ಲ. ೧೯೮೯ರಲ್ಲಿ ಬಂದ ಈ ಚಿತ್ರದ ನಿರ್ದೇಶಕರು ಎಂ. ಎಸ್. ರಾಜಶೇಖರ್, ನಾಯಕ ರಾಘವೇಂದ್ರ ರಾಜಕುಮಾರ್, ನಾಯಕಿ ಮಾಲಾಶ್ರೀ, ಸಂಗೀತ ಉಪೇಂದ್ರ ಕುಮಾರ್ ಅವರದು, ಮಾತು ಚಿ. ಉದಯಶಂಕರ್ ಅವರದು. ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು. ಹಮ್ಮಿನ ಹುಡುಗಿಯೊಬ್ಬಳಿದ್ದಾಳೆ, ಆ ಹಮ್ಮನ್ನು ಇಳಿಸುವ ಹುಡುಗನೊಬ್ಬ ಬರುತ್ತಾನೆ, ಜಗಳವಾಗುತ್ತದೆ, ಮದುವೆಯಾಗುತ್ತದೆ, ಹುಡುಗಿ ಬದಲಾಗುತ್ತಾಳೆ, ಎಲ್ಲವೂ ಸುಖವಾಗಿ ಮುಗಿಯುತ್ತದೆ. ಟಿಕೆಟ್ಟು ಕೊಂಡು ಒಳಗೆ ಹೋಗುವ ಮೊದಲೇ ಪ್ರೇಕ್ಷಕನಿಗೆ ಇದೆಲ್ಲ ಗೊತ್ತು. ಹೆಸರಿನಲ್ಲೇ ‘ಕಲ್ಯಾಣ’ ಎಂದು ಬರೆದಿರುವಾಗ ಕೊನೆಯಲ್ಲಿ ಕಲ್ಯಾಣವಲ್ಲದೆ ಇನ್ನೇನಾದೀತು? ಅಂದಿನ ದಿನಗಳಲ್ಲಿ ಜನ ಈ ಚಿತ್ರಕ್ಕೆ ಮುಗಿಬಿದ್ದರು.

ಪಂಡಿತರೆನ್ನಿಸಿಕೊಂಡವರು ಇಂಥ ಚಿತ್ರಗಳ ಮೇಲೆ ಹೊರಿಸುವ ಮೊದಲ ಆರೋಪವೇ ಇದು: ಮುಂದೇನಾಗುವುದೆಂದು ಮೊದಲೇ ತಿಳಿದುಬಿಡುತ್ತದೆ, ಆದ್ದರಿಂದ ಇದರಲ್ಲಿ ಸ್ವಾರಸ್ಯವಿಲ್ಲ ಎಂದು. ನಾನೂ ಹಾಗೆ ಹೇಳಿದವಳೇ. ಈಗ ಯೋಚಿಸಿದರೆ, ಇದಕ್ಕಿಂತ ಹುರುಳಿಲ್ಲದ ಆರೋಪ ಮತ್ತೊಂದಿಲ್ಲವೆನ್ನಿಸುತ್ತದೆ. ಕನ್ನಡ ಓದಿದವರಂತೂ ಈ ಮಾತನ್ನು ಆಡಬಾರದು.

ಶಿವಮೊಗ್ಗದಿಂದ ಕೆಲವೇ ಮೈಲಿಗಳ ದೂರದಲ್ಲಿ, ತುಂಗೆಯ ದಡದಲ್ಲಿ, ಮತ್ತೂರಿಗೆ ಎದುರಾಗಿ ಹೊಸಹಳ್ಳಿ ಎಂಬ ಊರಿದೆ. ಗಮಕದ ಊರೆಂದೇ ಅದು ಪ್ರಸಿದ್ಧ. ೨೦೨೨ರಲ್ಲಿ ಪದ್ಮಶ್ರೀ ಪುರಸ್ಕೃತರಾದ, ಅದೇ ವರ್ಷ ನಮ್ಮನ್ನಗಲಿದ ಗಮಕಿ ಎಚ್. ಆರ್. ಕೇಶವಮೂರ್ತಿಯವರು ಆ ಊರಿನವರು. ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಅಂಥವರು ಹಾಡುತ್ತಿರುವಾಗ ಕೇಳಲು ಕುಳಿತವರಲ್ಲಿ ಕಥೆ ತಿಳಿಯದವರು ಯಾರು? ದುರ್ಯೋಧನ ಸಂಧಿಗೆ ಒಪ್ಪಿಕೊಂಡಾನೇನೋ ಎಂಬ ಕುತೂಹಲದಿಂದ ಯಾರೂ ಅಲ್ಲಿಗೆ ಹೋಗುವುದಿಲ್ಲ. ಯಕ್ಷಗಾನ ನೋಡಲು ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರುವ ಮಲೆನಾಡಿನ ರೈತನಿಗೆ ಬೆಳಗಿನ ಜಾವ ಯಾರು ಸಾಯುತ್ತಾರೆಂಬುದು ಸಂಜೆಯೇ ಗೊತ್ತಿರುತ್ತದೆ. ಏನಾಗುತ್ತದೆಂಬ ಆತಂಕ ಇಲ್ಲದಿರುವುದರಿಂದಲೇ ಹೇಗಾಗುತ್ತದೆಂಬುದರ ಕಡೆಗೆ ಮನಸ್ಸು ಪೂರ್ತಿಯಾಗಿ ತಿರುಗುತ್ತದೆ. ರಸಾನುಭವದ ನೆಲೆ ಅದು.

ಇನ್ನೂ ಒಂದು ಕಾರಣವಿದೆ. ಅದನ್ನು ನಾನು ಅಲಂಕಾರಶಾಸ್ತ್ರದಿಂದ ಕಲಿಯಲಿಲ್ಲ, ಭದ್ರಾವತಿಯಿಂದ ಕಲಿತೆ. ನನ್ನ ಗಂಡನ ಮನೆ ಭದ್ರಾವತಿ. ಮಾವನವರು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಲೋಚನೆಯ ಫಲವಾಗಿ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯೂ, ೧೯೩೦ರ ದಶಕದಲ್ಲಿ ಹುಟ್ಟಿಕೊಂಡ ಕಾಗದದ ಕಾರ್ಖಾನೆಯೂ ಆ ಊರಿನ ಹಗಲು ರಾತ್ರಿಗಳನ್ನು ಪಾಳಿಗಳಾಗಿ ಹಂಚಿಹಾಕಿದ್ದವು. ಊರಿನ ಊಟ, ನಿದ್ದೆ, ಹಬ್ಬ ಎಲ್ಲಕ್ಕೂ ಪಾಳಿಯದೇ ಲೆಕ್ಕ. ಕುಲುಮೆಯ ಬಿಸಿಯೆದುರು ಎಂಟು ಗಂಟೆ ನಿಂತು ಬಂದವನಿಗೆ ನಾಳೆಯ ಬಗೆಗೆ ಸದಾ ಒಂದು ಅಳುಕು. ಕಾರ್ಖಾನೆ ನಷ್ಟದಲ್ಲಿದೆಯಂತೆ, ಮುಚ್ಚುತ್ತಾರಂತೆ ಎಂಬ ‘ಅಂತೆ’ಗಳ ನಡುವೆ ಆ ಊರು ಹಲವು ವರ್ಷ ಬದುಕಿತು. ಕಾಗದದ ಕಾರ್ಖಾನೆಯ ಯಂತ್ರಗಳು ಈ ಶತಮಾನದ ಎರಡನೆಯ ದಶಕದಲ್ಲಿ ನಿಂತೇಹೋದವು. ತನ್ನ ಮನೆಯ ಕಥೆ ಹೇಗೆ ಮುಗಿಯುವುದೋ ತಿಳಿಯದವನು ಮೂರು ಗಂಟೆಯ ಮಟ್ಟಿಗಾದರೂ ಸುಖವಾಗಿ ಮುಗಿಯುವುದು ಖಚಿತವಾಗಿರುವ ಕಥೆಯೊಂದನ್ನು ಬಯಸಿದರೆ ಅದನ್ನು ಅಭಿರುಚಿಯ ಕೊರತೆಯೆಂದು ಕರೆಯಲು ನಾವು ಯಾರು? ಅಲ್ಲಿ ಅವನು ಕೊಂಡದ್ದು ಕುತೂಹಲವನ್ನಲ್ಲ, ವಿಶ್ರಾಂತಿಯನ್ನು.

ಹೀಗೆ ಮೊದಲ ಆರೋಪದಿಂದ ಈ ಚಿತ್ರವನ್ನು ನಾನು ಬಿಡುಗಡೆ ಮಾಡುತ್ತೇನೆ. ಅದರ ಆಕರ್ಷಣೆಯ ಮಾತಿಗೆ ಬಂದರೆ, ಪ್ರಣಯದಿಂದ ಹಾಸ್ಯ ಹುಟ್ಟುತ್ತದೆಂದು ಭರತಮುನಿ ಬಹು ಹಿಂದೆಯೇ ಹೇಳಿದ್ದಾನೆ. ಶೃಂಗಾರದ ಅನುಕರಣೆಯೇ ಹಾಸ್ಯವೆಂಬುದು ಅವನ ಮತ. ಒಲಿದವರಿಬ್ಬರು ಒಲಿದಿಲ್ಲವೆಂದು ನಟಿಸುತ್ತ ಜಗಳವಾಡುವಾಗ, ಆಡುವ ಮಾತಿಗೂ ಮನಸ್ಸಿಗೂ ನಡುವೆ ಒಂದು ಬಿರುಕು ಕಾಣುತ್ತದೆ. ಆ ಬಿರುಕಿನಲ್ಲಿ ನಗೆ ಇದೆ. ಅವರಿಗೆ ತಿಳಿಯದ್ದು ನಮಗೆ ತಿಳಿದಿದೆಯಲ್ಲ ಎಂಬ ಸಂತೋಷವೂ ಅದರೊಡನೆ ಸೇರಿಕೊಳ್ಳುತ್ತದೆ.

ಅದಕ್ಕಿಂತ ಮಿಗಿಲಾದುದು ಆ ನಾಯಕಿ. ಅಂದಿನವರೆಗೆ ನಮ್ಮ ಚಿತ್ರಗಳ ಬಹುಪಾಲು ನಾಯಕಿಯರು ತಲೆ ತಗ್ಗಿಸಿ ನಡೆಯುತ್ತಿದ್ದರು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಈ ಹುಡುಗಿ ಹಾಗಲ್ಲ. ಮೆಟ್ಟಿಲಿಳಿದು ಬಂದರೆ ಮನೆಯೇ ನಡುಗಬೇಕು. ಗಟ್ಟಿಯಾಗಿ ಮಾತನಾಡುತ್ತಾಳೆ, ಎದುರಾಡುತ್ತಾಳೆ, ಬೇಡವೆನ್ನಿಸಿದ್ದನ್ನು ಬೇಡವೆನ್ನುತ್ತಾಳೆ. ಕುಡಿದ ಅಮಲಿನಲ್ಲಿ ಅವಳು ಹಾಡುವ ಹಾಡೊಂದಿದೆ; ಮಂಜುಳಾ ಗುರುರಾಜ್ ಅವರು ಹಾಡಿದ ಆ ಹಾಡು ಆಗ ಹೋಟೆಲು, ಗಣಪತಿ ಪೆಂಡಾಲು, ಮದುವೆ ಮನೆ ಎಲ್ಲೆಲ್ಲೂ ಕೇಳಿಬರುತ್ತಿತ್ತು. ಕನ್ನಡದಲ್ಲಿ ನಾಯಕಿಯಾಗಿ ಅದು ಮಾಲಾಶ್ರೀಯವರ ಮೊದಲ ಚಿತ್ರ. ಆ ಒಂದು ಚಿತ್ರದಿಂದ ಅವರು ಮನೆಮಾತಾದರು.

ಈಗ ನಾನು ಆ ದಿನದ ಸಂಗತಿಯನ್ನು ಹೇಳಬೇಕು.

೧೯೮೯ರಲ್ಲಿ ನನಗೆ ಇಪ್ಪತ್ತೆಂಟು ವರ್ಷ. ಶಿವಮೊಗ್ಗದ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿ ಸೇರಿ ಕೆಲವು ವರ್ಷಗಳಾಗಿದ್ದವು. ನಾವು ದುರ್ಗಿಗುಡಿಯಲ್ಲಿ ಬಾಡಿಗೆಯ ಮನೆ ಮಾಡಿಕೊಂಡಿದ್ದೆವು. ಅತ್ತೆಯವರು ಭದ್ರಾವತಿಯಿಂದ ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಬಸ್ಸಿನಲ್ಲಿ ಬಂದು ಎರಡು ದಿನ ಇದ್ದು ಹೋಗುವರು. ಮಿತಭಾಷಿಗಳು. ಮಾವನವರ ಮುಂದೆ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮಾವನವರು ಕೆಟ್ಟವರಲ್ಲ, ಕೈ ಮಾಡಿದವರಲ್ಲ, ಕುಡಿದವರಲ್ಲ. ಅವರು ಹೇಳುವುದು, ಇವರು ಮಾಡುವುದು ಎಂಬ ಕ್ರಮ ಆ ಮನೆಯಲ್ಲಿ ಎಂದೋ ನಿಂತುಹೋಗಿತ್ತು, ಅಷ್ಟೆ.

ಒಂದು ಭಾನುವಾರ ನಾನು ಅವರನ್ನು ಈ ಚಿತ್ರದ ಮ್ಯಾಟಿನಿಗೆ ಕರೆದುಕೊಂಡು ಹೋದೆ. ಹೆಂಗಸರ ಸಾಲಿನಲ್ಲಿ ಕಡಲೆಕಾಯಿಯ ಪೊಟ್ಟಣ ಹಿಡಿದು ಕುಳಿತೆವು. ಆ ಹುಡುಗಿಯ ಆರ್ಭಟ ಆರಂಭವಾದಂತೆ ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಬರಬರುತ್ತ ಸೆರಗು ಜಾರಿತು, ನಗೆ ಮಾತ್ರ ಉಳಿಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದಲ್ಲಿ ಕುಳಿತವರು ಯಾರೋ ಬೇರೆಯವರೇನೋ ಎಂದು ನಾನು ಒಂದೆರಡು ಬಾರಿ ತಿರುಗಿ ನೋಡಿದೆ.

ಆ ಹುಡುಗಿಯನ್ನು ಬಗ್ಗಿಸುವ ಭಾಗ ಬಂದಾಗ ಅವರ ನಗೆ ನಿಂತಿತು. ಟಾಕೀಸಿಗೆ ಟಾಕೀಸೇ ನಗುತ್ತಿತ್ತು. ಇವರು ಕೈಯಲ್ಲಿದ್ದ ಪೊಟ್ಟಣದ ಕಾಗದವನ್ನು ಮಡಿಸುತ್ತ ಕುಳಿತಿದ್ದರು. “ಚೆನ್ನಾಗಿಲ್ವಾ ಅತ್ತೆ?” ಎಂದು ಕೇಳಿದೆ.

“ಚೆನ್ನಾಗೇ ಇದೆ ಕಣಮ್ಮ. ಮುಂದಿನದು ನಂಗೊತ್ತಿರೋದೇ” ಎಂದರು.

ಹೊರಗೆ ಬಂದು ನಡೆಯುತ್ತಿರುವಾಗ ಅವರೇ ಕೇಳಿದರು: “ಆ ಹುಡುಗಿ ಮೊದಲಿದ್ದ ಹಾಗೇ ಇದ್ದಿದ್ರೆ ಏನಾಗ್ತಿತ್ತು?”

ನಾನು ಅಧ್ಯಾಪಕಿಯಲ್ಲವೆ? ಜಾಣತನದ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. “ಹಾಗಿದ್ದಿದ್ರೆ ಸಿನಿಮಾ ಮುಗೀತಿರ್ಲಿಲ್ಲ ಅತ್ತೆ” ಎಂದೆ.

“ಮುಗೀದೇ ಇದ್ರೆ ಬೇಡಾಗಿತ್ತು” ಎಂದರು. ಮತ್ತೆ ಆ ವಿಷಯವನ್ನು ಅವರು ಎತ್ತಲಿಲ್ಲ. ಅದನ್ನೊಂದು ತಮಾಷೆಯ ಮಾತೆಂದು ಬಗೆದು ಸಂಜೆ ಯಜಮಾನರಿಗೆ ಹೇಳಿ ನಕ್ಕೆ.

ಇದಾದ ಕೆಲವು ದಿನಗಳಲ್ಲಿ ತರಗತಿಯಲ್ಲಿ ಒಂದು ಪ್ರಸಂಗ ನಡೆಯಿತು. ‘ಕನ್ನಡಕ್ಕೆ ಷೇಕ್ಸ್‌ಪಿಯರ್ ಬಂದ ಬಗೆ’ ಎಂಬ ಪಾಠ. ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತೆ’ಯಲ್ಲಿ ಒಥೆಲೋ ಕನ್ನಡದ ಉಡುಪು ತೊಟ್ಟದ್ದು, ಎಂ. ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಲ್ಲಿ ಮ್ಯಾಕ್‌ಬೆತ್ ರೂಪಾಂತರಗೊಂಡದ್ದು, ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರು ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್ಟನ ಕಥೆಯನ್ನು ಬಿದನೂರಿನ ಸಂಸ್ಥಾನಕ್ಕೆ ತಂದು ನೆಟ್ಟದ್ದು, ಇವನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ನಂಜುಂಡಿ ಕಲ್ಯಾಣವೂ ಷೇಕ್ಸ್‌ಪಿಯರನದೇ ಅಂತೆ, ಹೌದೆ?” ಎಂದು ಕೇಳಿದಳು. ತರಗತಿ ಗೊಳ್ಳೆಂದಿತು. ಅವಳ ಮಾತು ಸತ್ಯವಾಗಿತ್ತು. ಪರ್ವತವಾಣಿಯವರು ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಷ್ರೂ’ ನಾಟಕವನ್ನು ಕನ್ನಡದ ಹದಕ್ಕೆ ತಂದು ‘ಬಹದ್ದೂರ್ ಗಂಡ’ ಎಂಬ ನಾಟಕವನ್ನು ಬರೆದಿದ್ದರು. ಅದನ್ನು ಆಧರಿಸಿದ್ದು ಈ ಚಿತ್ರ. ೧೯೭೬ರಲ್ಲಿ ರಾಜಕುಮಾರ್, ಜಯಂತಿ ಅಭಿನಯಿಸಿದ ‘ಬಹದ್ದೂರ್ ಗಂಡು’ ಚಿತ್ರಕ್ಕೂ ಮೂಲ ಎಳೆ ಅದೇ. ಆದರೆ ನಾನು ಆ ಹುಡುಗಿಗೆ, “ಪಾಠದ ವಿಷಯ ಮಾತ್ರ ಕೇಳಮ್ಮ” ಎಂದೆ. ಅವಳು ಕುಳಿತಳು. ಆ ವರ್ಷ ಮತ್ತೆ ಅವಳು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಅವಳಿಗೆ ಅಂದು ನಾನು ಹೇಳಬಹುದಾಗಿದ್ದ ಉತ್ತರವನ್ನು ಇಂದು ನಿಮ್ಮೆದುರು ಹೇಳುತ್ತೇನೆ.

ಷೇಕ್ಸ್‌ಪಿಯರ್ ಆ ನಾಟಕವನ್ನು ಬರೆದದ್ದು ೧೫೯೦ರ ಆಸುಪಾಸಿನಲ್ಲಿ, ಅವನಿನ್ನೂ ತರುಣನಾಗಿದ್ದಾಗ. ಪಡುವಾ ನಗರದ ಸಿರಿವಂತನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಕ್ಯಾಥರೀನಾ, ನಾಲಗೆ ಹರಿತ. ಕಿರಿಯಳು ಬಿಯಾಂಕಾ, ಮೃದುಭಾಷಿಣಿ. ಹಿರಿಯಳ ಮದುವೆಯಾಗದೆ ಕಿರಿಯಳಿಗೆ ಮದುವೆಯಿಲ್ಲ. ವರದಕ್ಷಿಣೆಯ ಆಸೆಯಿಂದ ಬಂದ ಪೆಟ್ರೂಷಿಯೋ ಹಿರಿಯಳನ್ನು ಮದುವೆಯಾಗಿ ಮನೆಗೆ ಕರೆದೊಯ್ಯುತ್ತಾನೆ. ಮಾಂಸ ಸೀದುಹೋಗಿದೆ, ನಿನಗೆ ತಕ್ಕುದಲ್ಲ ಎಂದು ತಟ್ಟೆ ಎಸೆದು ಅವಳನ್ನು ಹಸಿವಿನಲ್ಲಿಡುತ್ತಾನೆ. ಹಾಸಿಗೆ ಸರಿಯಿಲ್ಲವೆಂದು ಕೂಗಾಡಿ ನಿದ್ದೆಗೆಡಿಸುತ್ತಾನೆ. ಡೇಗೆಯನ್ನು ಉಪವಾಸ ಕೆಡವಿ ಪಳಗಿಸುವ ಬೇಟೆಗಾರನಿಗೆ ತನ್ನನ್ನು ತಾನೇ ಹೋಲಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಸೂರ್ಯನನ್ನು ತೋರಿಸಿ ಚಂದ್ರನೆನ್ನು ಎನ್ನುತ್ತಾನೆ, ಅವಳು ಚಂದ್ರನೆನ್ನುತ್ತಾಳೆ. ಕೊನೆಯಲ್ಲಿ, ಹೆಂಡತಿ ಗಂಡನಿಗೆ ಹೇಗೆ ವಿಧೇಯಳಾಗಿರಬೇಕೆಂದು ದೀರ್ಘವಾದ ಉಪದೇಶವನ್ನೇ ಮಾಡುತ್ತಾಳೆ.

ಇದನ್ನು ಈ ಕಾಲದ ಸ್ತ್ರೀಯರು ಮಾತ್ರ ಆಕ್ಷೇಪಿಸುತ್ತಿದ್ದಾರೆಂದು ಯಾರೂ ತಿಳಿಯಬೇಕಾಗಿಲ್ಲ. ಷೇಕ್ಸ್‌ಪಿಯರ್ ಬದುಕಿದ್ದಾಗಲೇ, ೧೬೧೧ರ ಸುಮಾರಿಗೆ, ಜಾನ್ ಫ್ಲೆಚರ್ ಎಂಬ ನಾಟಕಕಾರ ಅದಕ್ಕೊಂದು ಉತ್ತರಭಾಗವನ್ನು ಬರೆದ. ಅದರಲ್ಲಿ ಕ್ಯಾಥರೀನಾ ಸತ್ತಿದ್ದಾಳೆ. ಪೆಟ್ರೂಷಿಯೋ ಎರಡನೆಯ ಮದುವೆಯಾಗುತ್ತಾನೆ. ಎರಡನೆಯವಳಾದ ಮರಿಯಾ ಮದುವೆಯ ರಾತ್ರಿಯೇ ಬಾಗಿಲು ಹಾಕಿಕೊಂಡು ಅವನನ್ನು ಹೊರಗೆ ನಿಲ್ಲಿಸುತ್ತಾಳೆ. ಪಳಗಿಸಿದವನು ಪಳಗುತ್ತಾನೆ. ೧೬೩೩ರಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡೂ ನಾಟಕಗಳ ಪ್ರದರ್ಶನವಾಯಿತು. ಮೊದಲನೆಯದು ಮೆಚ್ಚುಗೆಯಾಯಿತೆಂದೂ ಎರಡನೆಯದು ಬಹಳ ಮೆಚ್ಚುಗೆಯಾಯಿತೆಂದೂ ಅಂದಿನ ಅಧಿಕಾರಿಯೊಬ್ಬರು ಬರೆದಿಟ್ಟಿದ್ದಾರೆ. ಈ ಕಥೆಯೊಳಗಿನ ಮುಳ್ಳು ಮುನ್ನೂರ ತೊಂಬತ್ತು ವರ್ಷಗಳ ಹಿಂದೆಯೇ ಜನರಿಗೆ ತಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪಡುವಾ ನಗರಕ್ಕೆ ಹೋಗುವ ಅಗತ್ಯವೂ ನಮಗಿಲ್ಲ. ಭದ್ರಾವತಿಯಲ್ಲಿ ರೈಲು ಹತ್ತಿ ತರೀಕೆರೆ, ಬೀರೂರು ದಾಟಿದರೆ ಕಡೂರು. ಆ ತಾಲ್ಲೂಕಿನ ದೇವನೂರು ನಮ್ಮ ಲಕ್ಷ್ಮೀಶನ ಊರೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅವನ ‘ಜೈಮಿನಿ ಭಾರತ’ದಲ್ಲಿ ಚಂಡಿಯ ಕಥೆ ಬರುತ್ತದೆ. ಉದ್ದಾಲಕ ಮುನಿಯ ಹೆಂಡತಿ ಚಂಡಿ, ಹೆಸರಿಗೆ ತಕ್ಕವಳು. ಗಂಡ ಏನು ಹೇಳಿದರೂ ಅದಕ್ಕೆ ವಿರುದ್ಧವಾಗಿ ಮಾಡುವುದು ಅವಳ ವ್ರತ. ಅತಿಥಿಯಾಗಿ ಬಂದ ಮುನಿಯೊಬ್ಬ ಉದ್ದಾಲಕನಿಗೆ ಉಪಾಯ ಹೇಳಿಕೊಡುತ್ತಾನೆ: ನಿನಗೆ ಬೇಕಾದುದಕ್ಕೆ ವಿರುದ್ಧವಾದುದನ್ನು ಹೇಳು. ಅಂದಿನಿಂದ ಅವನು ಹಾಗೆಯೇ ನಡೆದುಕೊಳ್ಳುತ್ತಾನೆ. ಸಂಸಾರ ಸರಾಗವಾಗಿ ಸಾಗುತ್ತದೆ. ಶ್ರಾದ್ಧದ ದಿನ ಎಲ್ಲವೂ ಮುಗಿಯುತ್ತ ಬಂದಾಗ, ಸಂತೋಷದಲ್ಲಿ ಮೈಮರೆತು, ಪಿಂಡವನ್ನು ಹೊಳೆಯಲ್ಲಿ ಬಿಡೆಂದು ನೇರವಾಗಿ ಹೇಳಿಬಿಡುತ್ತಾನೆ. ಅವಳು ಅದನ್ನು ತಿಪ್ಪೆಗೆ ಎಸೆಯುತ್ತಾಳೆ. ಅವನು ಕಲ್ಲಾಗೆಂದು ಶಪಿಸುತ್ತಾನೆ. ಬಹುಕಾಲದ ಮೇಲೆ ಅರ್ಜುನನ ಯಜ್ಞಾಶ್ವ ಆ ಕಲ್ಲಿಗೆ ಮೈ ತಾಗಿಸಿ ಅಂಟಿಕೊಂಡಾಗ, ಅರ್ಜುನನ ಸ್ಪರ್ಶದಿಂದ ಅವಳಿಗೆ ವಿಮೋಚನೆ.

ಈ ಕಥೆಯನ್ನು ನಾನು ಎಷ್ಟೋ ವರ್ಷ ಹಾಸ್ಯಪ್ರಸಂಗವೆಂದೇ ಪಾಠ ಮಾಡಿದೆ. ವಿದ್ಯಾರ್ಥಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅದು ನಿಜವಾಗಿಯೂ ನಗಬೇಕಾದ ಕಥೆಯೇ. ಉದ್ದಾಲಕ ತನ್ನ ಭಾಷೆಯನ್ನು ಬದಲಿಸಿಕೊಂಡು ಹೆಂಡತಿಯೊಡನೆ ಹೊಂದಿಕೊಳ್ಳುವಷ್ಟು ಕಾಲವೂ ಅಲ್ಲಿ ನಗೆಯಿದೆ. ತಿಪ್ಪೆಗೆ ಎಸೆದ ಪಿಂಡವನ್ನು ಕಂಡು ಅವನು ಕನಲಿದ್ದನ್ನೂ ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಅವಳು ಕಲ್ಲಾದ ಮೇಲೆ ನಗುವುದು ಕಷ್ಟ. ಆ ಗಳಿಗೆ ದಾಟಿದ ಮೇಲೂ ತರಗತಿಯಲ್ಲಿ ನಾವು ನಗುತ್ತಲೇ ಇದ್ದೆವಲ್ಲ, ಅದು ಅಧ್ಯಾಪಕಿಯ ತಪ್ಪು, ಕವಿಯದಲ್ಲ.

‘ನಂಜುಂಡಿ ಕಲ್ಯಾಣ’ದಲ್ಲಿ ಹುಡುಗಿ ಕಲ್ಲಾಗುವುದಿಲ್ಲ, ಬೆಣ್ಣೆಯಾಗುತ್ತಾಳೆ. ನೋಡುವವರಿಗೆ ಅದು ಹಿತ. ಅವಳ ಹಮ್ಮು ಇಳಿಯಬೇಕಾದುದೇ ಎಂದು ವಾದಿಸುವವರೂ ಉಂಟು. ಮನೆಯ ಆಳುಗಳನ್ನೂ ಹಿರಿಯರನ್ನೂ ಕಡೆಗಣಿಸುವ ಸೊಕ್ಕನ್ನು ನಾನೇನೂ ಸಮರ್ಥಿಸುವುದಿಲ್ಲ. ಚಿತ್ರ ಮಾಡುವ ಮೋಸವೆಂದರೆ ಇದು: ಸೊಕ್ಕನ್ನೂ ಸ್ವಂತಿಕೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುತ್ತದೆ. ಸೊಕ್ಕನ್ನು ಬಿಡಿಸುವ ನೆವದಲ್ಲಿ ಸ್ವಂತಿಕೆಯನ್ನೂ ಹೊರಗೆ ಎಸೆಯುತ್ತದೆ. ಅವಳು ವಿನಯ ಕಲಿತಳೆಂದು ನಾವು ಚಪ್ಪಾಳೆ ತಟ್ಟುವಾಗ, ಅವಳ ಗಟ್ಟಿ ದನಿ ಹೋದದ್ದು ನಮ್ಮ ಗಮನಕ್ಕೆ ಬರುವುದಿಲ್ಲ.

ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಇಬ್ಬರ ಕಥೆಯೆಂದು ಹೇಳಿಕೊಳ್ಳುವ ಇಂಥ ಚಿತ್ರಗಳಲ್ಲಿ ಬದಲಾಗುವವರು ಒಬ್ಬರೇ. ನಾಯಕ ಬಂದಾಗ ಹೇಗಿದ್ದನೋ ಮುಗಿಯುವಾಗಲೂ ಹಾಗೆಯೇ ಇರುತ್ತಾನೆ. ಅವನು ಮೊದಲಿನಿಂದಲೂ ಸರಿ. ಕಲಿಯುವುದು, ಸೋಲುವುದು, ಕ್ಷಮೆ ಕೇಳುವುದು ಎಲ್ಲವೂ ಹುಡುಗಿಯ ಪಾಲಿಗೆ. ಕೊನೆಗೆ ಏನಾಗುವುದೆಂದು ನನಗೆ ಮೊದಲೇ ಗೊತ್ತಿದ್ದರೆ ಬೇಸರವಿಲ್ಲ. ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದೂ ಮೊದಲೇ ಗೊತ್ತಿದ್ದರೆ ಬೇಸರವಾಗುತ್ತದೆ.

ಹಾಗಾದರೆ ಹೀಗಲ್ಲದ ‘ಕಲ್ಯಾಣ’ಗಳು ಇಲ್ಲವೆ? ಇವೆ. ಹರಿಹರನ ‘ಗಿರಿಜಾಕಲ್ಯಾಣ’ವೂ ಹೆಸರಿನಲ್ಲೇ ಕೊನೆಯನ್ನು ಹೇಳಿಬಿಟ್ಟ ಕಾವ್ಯ. ಗಿರಿಜೆಗೆ ಶಿವನೊಡನೆ ಮದುವೆಯಾಗುವುದೋ ಇಲ್ಲವೋ ಎಂದು ಯಾವ ಓದುಗನೂ ಆತಂಕಪಟ್ಟಿಲ್ಲ. ಇದೇ ಕಥೆಯನ್ನು ಕಾಳಿದಾಸ ‘ಕುಮಾರಸಂಭವ’ದ ಐದನೆಯ ಸರ್ಗದಲ್ಲಿ ಹೇಳುವ ಬಗೆಯನ್ನು ನೆನೆಯಿರಿ. ತಪಸ್ಸಿನಲ್ಲಿರುವ ಹುಡುಗಿಯ ಬಳಿಗೆ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಬರುತ್ತಾನೆ. ಶಿವನನ್ನೇ ನಿಂದಿಸುತ್ತಾನೆ: ಬೂದಿ ಬಳಿದುಕೊಂಡವನು, ಹಾವು ಸುತ್ತಿಕೊಂಡವನು, ಕುಲಗೋತ್ರ ತಿಳಿಯದವನು, ನಿನಗೆ ಅವನೇಕೆ? ಹುಡುಗಿ ಕೆರಳುತ್ತಾಳೆ, ವಾದಿಸುತ್ತಾಳೆ, ಕಡೆಗೆ ಎದ್ದು ಹೊರಡುತ್ತಾಳೆ. ಆಗ ಅವನು ನಿಜರೂಪ ತೋರುತ್ತಾನೆ. ವೇಷ, ಜಗಳ, ಗುರುತು ತಿಳಿಯುವಿಕೆ: ಇಂದಿನ ಹಾಸ್ಯಪ್ರಣಯ ಚಿತ್ರದ ಸಾಮಗ್ರಿಯೆಲ್ಲವೂ ಅಲ್ಲಿದೆ. ಆದರೆ ಅಲ್ಲಿ ಹುಡುಗಿಯ ಕೋಪ ತಿದ್ದಬೇಕಾದ ದೋಷವಲ್ಲ. ಅವಳ ಒಲವಿನ ಪ್ರಮಾಣ. ನಿಜರೂಪ ತೋರಿದವನು ಇಂದಿನಿಂದ ನಾನು ನಿನ್ನ ದಾಸ, ನಿನ್ನ ತಪಸ್ಸು ನನ್ನನ್ನು ಕೊಂಡುಕೊಂಡಿತು ಎನ್ನುತ್ತಾನೆ. ಕಾಮನನ್ನು ಸುಟ್ಟ ವಿರಾಗಿ ಗೃಹಸ್ಥನಾಗುತ್ತಾನೆ. ಅವಳೂ ಬೆಲೆ ತೆತ್ತಳು, ಅವನೂ ತೆತ್ತ. ಕೊನೆ ಗೊತ್ತಿದ್ದೂ ಆ ಕಥೆ ಇಂದಿಗೂ ಹಳತಾಗದಿರುವ ಗುಟ್ಟು ಇದೇ ಎಂದು ನನ್ನ ನಂಬಿಕೆ.

ನಮ್ಮ ಚಿತ್ರಕ್ಕೆ ಅನ್ಯಾಯ ಮಾಡಬಾರದು. ಅದು ಹೇಳಿದ್ದಕ್ಕಿಂತ ಹೆಚ್ಚಾಗಿ ತೋರಿಸಿತು. ಹುಡುಗಿ ಬಗ್ಗಬೇಕೆಂದು ಕಥೆ ಹೇಳಿದರೂ, ಬಗ್ಗದ ಹುಡುಗಿ ಎಷ್ಟು ಚೆಂದವೆಂದು ಮಾಲಾಶ್ರೀಯವರು ತೋರಿಸಿಬಿಟ್ಟರು. ಪ್ರೇಕ್ಷಕರು ಮನೆಗೆ ಹೊತ್ತುಕೊಂಡು ಹೋದದ್ದು ಯಾವುದನ್ನು? ಮುಂದಿನ ವರ್ಷಗಳೇ ಉತ್ತರ ಹೇಳುತ್ತವೆ. ೧೯೯೧ರ ‘ಎಸ್. ಪಿ. ಭಾರ್ಗವಿ’ಯಲ್ಲಿ ಅದೇ ನಟಿ ಪೊಲೀಸ್ ಅಧಿಕಾರಿಯಾಗಿ ಬಂದರು; ಆಮೇಲೆ ಖಳರನ್ನು ಬಡಿಯುವ ನಾಯಕಿಯಾಗಿ ಬಹುಕಾಲ ಮೆರೆದರು. ಕಥೆ ಪಳಗಿಸಿದವಳನ್ನು ಜನ ಪಳಗಲು ಬಿಡಲಿಲ್ಲ. ಕಥೆಗಾರನಿಗಿಂತ ಪ್ರೇಕ್ಷಕರು ಮುಂದಿದ್ದರು. ಅವರಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವರೂ ಒಬ್ಬರು.

ಅತ್ತೆಯವರು ತೀರಿಕೊಂಡು ಹದಿನೈದು ವರ್ಷಗಳಾದವು. ವೈಕುಂಠ ಸಮಾರಾಧನೆಯ ದಿನ ಅವರ ತಮ್ಮ, ಎಂಬತ್ತನ್ನು ಸಮೀಪಿಸಿದ ವೃದ್ಧರು, ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಅಕ್ಕ ಎಷ್ಟು ಮೆತ್ತಗಿನವರಾಗಿದ್ದರೆಂದು ನಾನು ಏನೋ ಹೇಳಿದೆ. ಅವರು ನನ್ನ ಮುಖ ನೋಡಿದರು.

“ಮೆತ್ತಗೆ? ನಮ್ಮಕ್ಕನಾ? ಚಿಕ್ಕೋಳಿದ್ದಾಗ ಊರೆಲ್ಲಾ ಅವಳನ್ನ ಗಂಡುಬೀರಿ ಅಂತಿತ್ತು ಕಣಮ್ಮ. ನಮ್ಮೂರಲ್ಲಿ ಹುಡುಗರಿಗಿಂತ ಮೊದಲು ಸೈಕಲ್ಲು ಕಲ್ತೋಳು ಅವಳು. ಕೆರೆ ಏರಿ ಮೇಲೆ ಬಿಟ್ಕೊಂಡು ಹೋದ್ರೆ ಕಿರುಚೋದು ಊರಿಗೇ ಕೇಳ್ತಿತ್ತು. ಮದುವೆ ಆಯ್ತು ನೋಡು, ಆಮೇಲೆ ಸರಿಹೋದ್ಳು.”

‘ಸರಿಹೋದಳು’ ಎಂಬ ಪದವನ್ನು ಅವರು ಅಕ್ಕನ ಮೇಲಿನ ಪ್ರೀತಿಯಿಂದಲೇ ಹೇಳಿದರು. ನನಗೆ ಆ ಕ್ಷಣ ಟಾಕೀಸಿನ ಕತ್ತಲೆಯೂ, ಅಲ್ಲಿ ಮಡಿಕೆಯಾಗುತ್ತಿದ್ದ ಕಡಲೆಕಾಯಿಯ ಕಾಗದವೂ ಕಣ್ಣಮುಂದೆ ಬಂದವು. ಮುಂದಿನದು ನನಗೆ ಗೊತ್ತಿರುವುದೇ ಎಂದಿದ್ದರಲ್ಲ ಅವರು. ಅದನ್ನು ನಾನು ಚಿತ್ರದ ಮೇಲಿನ ವಿಮರ್ಶೆಯೆಂದು ತಿಳಿದಿದ್ದೆ. ಅದು ವಿಮರ್ಶೆಯೇ ಹೌದು. ನನ್ನ ಪಾಠಗಳಲ್ಲಿದ್ದುದಕ್ಕಿಂತ ಹೆಚ್ಚು ಅನುಭವದಿಂದ ಬಂದ ವಿಮರ್ಶೆ. ಮುಗಿಯದಿದ್ದರೆ ಬೇಡವಾಗಿತ್ತು ಎಂದವರಿಗೆ, ಕೆರೆಯ ಏರಿಯ ಮೇಲಿನ ಆ ಹುಡುಗಿ ಯಾರು ಎಂದು ಕೇಳುವ ಅವಕಾಶ ನನಗಿತ್ತು. ನಾನು ಜಾಣತನದ ಉತ್ತರ ಕೊಟ್ಟು ಮುಂದೆ ನಡೆದಿದ್ದೆ.

ಆದ್ದರಿಂದ ಇಂಥ ಚಿತ್ರಗಳನ್ನು ನೋಡಬೇಡಿರೆಂದು ನಾನು ಹೇಳಲಾರೆ. ನೋಡಿರಿ, ಧಾರಾಳವಾಗಿ ನಗಿರಿ. ಗೊತ್ತಿದ್ದ ಕಥೆಯನ್ನು ಮತ್ತೆ ಕೇಳುವ ಸುಖ ನಮ್ಮ ನಾಡಿಗೆ ಹೊಸದಲ್ಲ. ಕಥೆಯ ಕೊನೆಯಲ್ಲಿ ಬದಲಾದವರು ಯಾರು, ಬದಲಾಗದೆ ಉಳಿದವರು ಯಾರು ಎಂದು ಮನೆಗೆ ನಡೆಯುವಾಗ ಒಮ್ಮೆ ಕೇಳಿಕೊಳ್ಳಿರಿ. ಪಕ್ಕದಲ್ಲಿ ಕುಳಿತವರು ಯಾವಾಗ ನಗುವುದನ್ನು ನಿಲ್ಲಿಸಿದರೆಂಬುದನ್ನೂ ಗಮನಿಸಿರಿ. ಅವರೇನಾದರೂ ಕೇಳಿದರೆ ಉತ್ತರ ಕೊಡಲು ಅವಸರಪಡಬೇಡಿರಿ.



(ಭದ್ರಾವತಿ ಆಕಾಶವಾಣಿಯ ಕೃಪೆಯಿಂದ)